ಜಾಝ್ ಗೊತ್ತಿಲ್ಲ, ಬಾರಿಸಿದವರ ಹೆಸರು ಗೊತ್ತಾಯಿತು

ಮೊದಲೇ ಹೇಳಿಬಿಡುತ್ತೇನೆ. ನನಗೆ ಜಾಝ್ ಸಂಗೀತದ ಗಂಧಗಾಳಿ ಇಲ್ಲ. ಭಜನಾ ಪದ, ಸಿನಿಮಾ ಹಾಡು, ಜಾತ್ರೆಯ ಕರಡಿ ಮಜಲು ಕೇಳಿಕೊಂಡು ಬೆಳೆದವನು ನಾನು. ಜಾಝ್ ಅಂದರೆ ದೊಡ್ಡ ಹೋಟೆಲಿನಲ್ಲಿ ಸಾಹುಕಾರರು ಊಟ ಮಾಡುವಾಗ ಹಿಂದೆ ಸಣ್ಣಗೆ ಕೇಳಿಸುವ ಸಂಗೀತ ಅಂತ ತಿಳಿದಿದ್ದೆ. ನಮ್ಮಂಥವರಿಗೆ ಅದು ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ ಅಂತಲೂ ಅಂದುಕೊಂಡಿದ್ದೆ.

ಹೀಗಿರುವಾಗ ಒಂದು ರಾತ್ರಿ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಗಾಯಕಿಯರ ಬಗ್ಗೆ ಮಾಹಿತಿ ಹುಡುಕುತ್ತಿದ್ದೆ. ಶೋಭಾ ಗುರ್ಟು ಅವರ ಒಂದು ಠುಮ್ರಿ ಹಾಕಿದೆ. ಅದು ಮುಗಿದ ಮೇಲೆ ಮೊಬೈಲು ತನ್ನಷ್ಟಕ್ಕೆ ತಾನೇ ಇನ್ನೊಂದು ಹಾಡು ಹಚ್ಚಿತು. ದನಿ ಅದೇ ಶೋಭಾ ಅವರದು. ಆದರೆ ಹಿಂದೆ ತಬಲಾ, ಹಾರ್ಮೋನಿಯಂ ಬದಲು ಎದೆಗೆ ಗುದ್ದುವಂಥ ಬೇಸ್ ಗಿಟಾರ್, ಡ್ರಮ್ ಸೆಟ್! ಹೆಸರು ನೋಡಿದರೆ "ಶೋಭಾರಾಕ್". ಯಾರೋ ಹುಡುಗರು ಅಮ್ಮನಂಥ ಗಾಯಕಿಯ ದನಿ ಕದ್ದು ರೀಮಿಕ್ಸ್ ಮಾಡಿದ್ದಾರೆ ಅಂತ ಸಿಟ್ಟು ಬಂತು.

ನನ್ನ ಊಹೆ ತಪ್ಪಾಗಿತ್ತು. ಅದು ಕದ್ದ ದನಿ ಅಲ್ಲ. ಡ್ರಮ್ ಬಾರಿಸುತ್ತಿದ್ದವರು ಅವರ ಮಗ. ಹೆಸರು ತ್ರಿಲೋಕ್ ಗುರ್ಟು. 1988ರಲ್ಲಿ ಬಂದ "ಉಸ್‌ಫ್ರೆಟ್" ಅವರ ಸ್ವಂತ ಹೆಸರಿನ ಮೊದಲ ಆಲ್ಬಮ್. ಅದರ ಮೊದಲ ಹಾಡಿಗೆ ಅಮ್ಮನ ಹೆಸರನ್ನೇ ಇಟ್ಟು, ಅಮ್ಮನ ಕೈಯಲ್ಲೇ ಹಾಡಿಸಿದ್ದಾರೆ.

ಆವತ್ತಿನಿಂದ ಈ ಆಲ್ಬಮ್ಮನ್ನು ಹತ್ತಾರು ಸಲ ಕೇಳಿದ್ದೇನೆ. ಜಾಝ್ ಈಗಲೂ ನನಗೆ ತಿಳಿಯುವುದಿಲ್ಲ. ಆದರೆ ನಮ್ಮೂರಿನ ಬಗ್ಗೆ, ನಾನು ಮಾಡುವ ವರದಿಗಾರಿಕೆಯ ಬಗ್ಗೆ ಒಂದು ಮಾತು ತಿಳಿಯಿತು. ಅದನ್ನು ಹೇಳುವುದಕ್ಕೇ ಈ ಬರಹ.

ಬೆಳಗಾವಿಯ ಮನೆತನ

ಶೋಭಾ ಗುರ್ಟು ಹುಟ್ಟಿದ್ದು 1925ರಲ್ಲಿ, ಬೆಳಗಾವಿಯಲ್ಲಿ. ಮೊದಲ ಹೆಸರು ಭಾನುಮತಿ ಶಿರೋಡ್ಕರ್. ತಾಯಿ ಮೇನಕಾಬಾಯಿ ಶಿರೋಡ್ಕರ್ ನೃತ್ಯವನ್ನೇ ವೃತ್ತಿ ಮಾಡಿಕೊಂಡಿದ್ದ ಕಲಾವಿದೆ. ಉಸ್ತಾದ್ ಅಲ್ಲಾದಿಯಾ ಖಾನರ ಬಳಿ ಹಾಡುಗಾರಿಕೆಯನ್ನೂ ಕಲಿತವರು. ಮಗಳಿಗೆ ಮೊದಲ ಗುರು ಆ ತಾಯಿಯೇ.

ಶೋಭಾ ಅವರನ್ನು ಮದುವೆಯಾದವರು ಬೆಳಗಾವಿಯ ವಿಶ್ವನಾಥ ಗುರ್ಟು. ಮಾವ ನಾರಾಯಣನಾಥ ಗುರ್ಟು ಬೆಳಗಾವಿಯಲ್ಲಿ ದೊಡ್ಡ ಪೊಲೀಸ್ ಅಧಿಕಾರಿ. ಖಾಕಿ ಬಿಚ್ಚಿಟ್ಟರೆ ಸಿತಾರ್ ಹಿಡಿಯುತ್ತಿದ್ದ ಮನುಷ್ಯ, ಸಂಗೀತ ಬಲ್ಲವರು. ಮುಂದೆ ಶೋಭಾ ಮುಂಬೈಯಲ್ಲಿ ಠುಮ್ರಿ, ದಾದ್ರಾ, ಕಜ್ರಿ ಹಾಡಿ ಇಡೀ ದೇಶಕ್ಕೆ ಹೆಸರಾದರು. ಹಿಂದಿ, ಮರಾಠಿ ಸಿನಿಮಾಗಳಿಗೂ ಹಾಡಿದರು. 2002ರಲ್ಲಿ ಪದ್ಮಭೂಷಣ ಬಂತು. 2004ರಲ್ಲಿ ತೀರಿಕೊಂಡರು.

ತ್ರಿಲೋಕ್ ಹುಟ್ಟಿದ್ದು 1951ರಲ್ಲಿ, ಮುಂಬೈಯಲ್ಲಿ. ಚಿಕ್ಕಂದಿನಲ್ಲೇ ತಬಲಾ ಕಲಿತರು. ಆಮೇಲೆ ಪಾಶ್ಚಾತ್ಯ ಸಂಗೀತದ ಹುಚ್ಚು ಹಿಡಿಯಿತು. ಅದನ್ನು ಕಲಿಸುವ ಗುರು ಸಿಗಬೇಕಲ್ಲ? ರೆಕಾರ್ಡ್ ಕೇಳಿ ಕೇಳಿ ಕಲಿತರು.

ಅವರೇ ಸಂದರ್ಶನವೊಂದರಲ್ಲಿ ಹೇಳಿದ ಸಂಗತಿ ಇಲ್ಲಿದೆ. ಸ್ಟುಡಿಯೋದಲ್ಲಿ ಒಂದು ವಾದ್ಯ ನುಡಿಸಿ ರೆಕಾರ್ಡ್ ಮಾಡಿಕೊಂಡು, ಅದರ ಮೇಲೆ ಇನ್ನೊಂದನ್ನು ಸೇರಿಸುತ್ತಾರೆ. ಅದಕ್ಕೆ ಓವರ್‌ಡಬ್ಬಿಂಗ್ ಅಂತಾರೆ. ಹುಡುಗನಿಗೆ ಅದು ಗೊತ್ತಿರಲಿಲ್ಲ. ಕೇಳಿದ್ದನ್ನೆಲ್ಲ ಒಂದೇ ಸಲಕ್ಕೆ ಬಾರಿಸುತ್ತಾರೆ ಅಂತ ನಂಬಿ, ಬೇರೆ ಯಾರೂ ಕೈಹಾಕದ ಸಾಹಸಕ್ಕೆ ಕೈಹಾಕಿ, ಹಲವು ಭಾಗಗಳನ್ನು ತಾನೊಬ್ಬನೇ ಕಲಿತ!

ಇದನ್ನು ಓದಿದ ಮೇಲೆ ನನ್ನ ಅಂಜಿಕೆ ಅರ್ಧ ಹೋಯಿತು. ಬಾರಿಸುವವರೇ ಗೊತ್ತಿಲ್ಲದೆ ಶುರು ಮಾಡಿದ್ದಾರೆ. ಕೇಳುವ ನಾನು ಗೊತ್ತಿಲ್ಲದೆ ಕೇಳಿದರೆ ಯಾರ ಗಂಟು ಹೋಗುತ್ತದೆ?

ಜಾಝ್ ಅಂದರೆ ನನಗೆ ತಿಳಿದಷ್ಟು

ಜಾಝ್ ಹುಟ್ಟಿದ್ದು ಸಾಹುಕಾರರ ಹೋಟೆಲಿನಲ್ಲಿ ಅಲ್ಲ. ಸುಮಾರು ನೂರು ನೂರಿಪ್ಪತ್ತು ವರ್ಷದ ಹಿಂದೆ ಅಮೆರಿಕದ ನ್ಯೂ ಆರ್ಲಿಯನ್ಸ್ ಎಂಬ ಬಂದರು ಊರಿನಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ ಹುಟ್ಟಿದ್ದು. ಮದುವೆ, ಮೆರವಣಿಗೆ, ಸಾವು, ಎಲ್ಲದಕ್ಕೂ ಅಲ್ಲಿ ಬ್ಯಾಂಡು ಬೇಕು. ಹೆಣ ಒಯ್ಯುವಾಗ ನಿಧಾನದ ದುಃಖದ ರಾಗ, ಮಣ್ಣು ಮಾಡಿ ತಿರುಗಿ ಬರುವಾಗ ಕುಣಿಯುವ ಗತ್ತು. ನಮ್ಮ ಹಲಗೆಯವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೇ ಇಲ್ಲ.

ಇನ್ನೊಂದು ಕತೆ ಕೇಳಿ. 1739ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ದಂಗೆ ಎದ್ದರು. ಡೋಲು ಬಾರಿಸಿಕೊಂಡೇ ಜನ ಸೇರಿಸಿದ್ದರು. ಮರುವರ್ಷ 1740ರಲ್ಲಿ ಒಡೆಯರು ಕಾನೂನು ತಂದು ಗುಲಾಮರ ಕೈಯಿಂದ ಡೋಲು ಕಸಿದುಕೊಂಡರು. ಡೋಲಿಗೆ ಅಷ್ಟು ಹೆದರಿದ್ದರು. ನ್ಯೂ ಆರ್ಲಿಯನ್ಸಿನಲ್ಲಿ ಮಾತ್ರ ಕಾಂಗೋ ಸ್ಕ್ವೇರ್ ಎಂಬ ಬಯಲಿನಲ್ಲಿ ಭಾನುವಾರ ಬಾರಿಸಿ ಕುಣಿಯಲು ಬಿಡುತ್ತಿದ್ದರು. ಜಾಝ್‌ನ ಬೇರು ಅಲ್ಲಿಯವರೆಗೂ ಹೋಗುತ್ತದೆ.

ಈ ಸಂಗೀತದ ನಡೆ ಸುಲಭ. ಮೊದಲು ಎಲ್ಲರೂ ಸೇರಿ ಒಂದು ಮಟ್ಟು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಆ ಮಟ್ಟಿನ ಮೇಲೆ ತಮಗೆ ಹೊಳೆದದ್ದನ್ನು ಅಲ್ಲೇ ಕಟ್ಟುತ್ತಾ ಹೋಗುತ್ತಾರೆ. ಕೊನೆಗೆ ಮತ್ತೆ ಎಲ್ಲರೂ ಮೊದಲ ಮಟ್ಟಿಗೆ ಬರುತ್ತಾರೆ. ಭಜನೆಯಲ್ಲಿ ಪಲ್ಲವಿ ಬಿಟ್ಟು ಆಲಾಪಕ್ಕೆ ಹೋಗಿ ತಿರುಗಿ ಪಲ್ಲವಿಗೆ ಬೀಳುವ ಹಾಗೆ.

ಡ್ರಮ್ ಸೆಟ್ಟಿನ ಹುಟ್ಟೂ ಅಷ್ಟೇ ಸ್ವಾರಸ್ಯ. ಮೆರವಣಿಗೆ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮಿಗೆ ಒಬ್ಬ, ಸಣ್ಣದಕ್ಕೆ ಒಬ್ಬ, ಕಂಚಿನ ತಾಳಕ್ಕೆ ಒಬ್ಬ ಇರುತ್ತಿದ್ದರು. ಕೂತು ಬಾರಿಸುವ ಜಾಗಕ್ಕೆ ಬಂದಾಗ ಇಷ್ಟು ಜನರಿಗೆ ಜಾಗವೂ ಇಲ್ಲ, ಕೂಲಿಯೂ ಇಲ್ಲ. 1909ರ ಹೊತ್ತಿಗೆ ಕಾಲಿನಿಂದ ಒತ್ತಿ ದೊಡ್ಡ ಡ್ರಮ್ ಬಡಿಯುವ ಪೆಡಲು ಚೆನ್ನಾಗಿ ಸುಧಾರಿಸಿ ಮಾರುಕಟ್ಟೆಗೆ ಬಂತು. ಮೂವರ ಕೆಲಸ ಒಬ್ಬನ ಕೈಕಾಲಿಗೆ ಬಿತ್ತು. ಮೂರಾಳಿನ ಕೆಲಸ ಮಾಡಿದರೂ ಡ್ರಮ್ಮರ್ ಕೂರುವುದು ಹಿಂದೆ. ಮುಂದೆ ನಿಂತವರ ಹೆಸರು ಪೋಸ್ಟರಿನಲ್ಲಿ ದೊಡ್ಡದು, ಹಿಂದೆ ಕೂತವನದು ಸಣ್ಣದು.

ಅದಕ್ಕೇ ಡ್ರಮ್ಮರ್ ಒಬ್ಬ ತನ್ನ ಹೆಸರಿನಲ್ಲಿ ಮೊದಲ ಆಲ್ಬಮ್ ತರುವುದು ಸಣ್ಣ ಸಂಗತಿ ಅಲ್ಲ. ಹಿಂದೆ ಕೂತವನು ಎದ್ದು ಮುಂದೆ ಬಂದು "ಇದು ನನ್ನದು" ಎನ್ನುವ ಗಳಿಗೆ ಅದು.

ಮುಂದೆ ಬಂದವರು ಏನು ಮಾಡಿದರು?

ನಾನು ಅಂದುಕೊಂಡಿದ್ದು, ಅವಕಾಶ ಸಿಕ್ಕ ಮೇಲೆ ಪೂರ್ತಿ ಡ್ರಮ್ಮೇ ಇರುತ್ತದೆ ಅಂತ. ಹಾಗೆ ಆಗುವುದಿಲ್ಲ. ಅಮೆರಿಕದ ಟೋನಿ ವಿಲಿಯಮ್ಸ್ ಎಂಬ ಡ್ರಮ್ಮರ್ 1964ರಲ್ಲಿ ತನ್ನ ಮೊದಲ ಆಲ್ಬಮ್ "ಲೈಫ್ ಟೈಮ್" ರೆಕಾರ್ಡ್ ಮಾಡಿದಾಗ ಹದಿನೆಂಟು ವರ್ಷದ ಹುಡುಗ. ಅದರಲ್ಲಿ ಒಂದು ಹಾಡಿನಲ್ಲಿ ಅವನು ಬಾರಿಸುವುದೇ ಇಲ್ಲ. ಪಿಯಾನೋದವರಿಗೂ ಬೇಸ್‌ನವರಿಗೂ ಬಿಟ್ಟುಕೊಟ್ಟು ಸುಮ್ಮನೆ ಕೂತಿದ್ದಾನೆ. ಆಲ್ಬಮ್ ಅವನದೇ, ಹಾಡು ಕಟ್ಟಿದ್ದೂ ಅವನೇ. ಬಾರಿಸದೆ ಇರುವುದೂ ಬಾರಿಸುವವನ ಕೆಲಸ ಅಂತ ಆ ವಯಸ್ಸಿಗೇ ಗೊತ್ತಿತ್ತು.

ತ್ರಿಲೋಕ್ ಮಾಡಿದ್ದೂ ಅದೇ ಬಗೆಯದು. ತನ್ನ ಸರದಿ ಬಂದಾಗ ಅಮ್ಮನನ್ನು ಮುಂದೆ ಕೂರಿಸಿದರು. ಶೋಭಾ ಅವರಿಗೆ ಆಗ ಅರವತ್ತು ದಾಟಿತ್ತು. ಸುತ್ತ ಯಾರು ಯಾರಿದ್ದರು ನೋಡಿ. ಕಹಳೆಯಂಥ ಟ್ರಂಪೆಟ್ಟಿಗೆ ಅಮೆರಿಕದ ಡಾನ್ ಚೆರ್ರಿ, ಗಿಟಾರಿಗೆ ರಾಲ್ಫ್ ಟೌನರ್, ಬೇಸ್‌ಗೆ ಸ್ವೀಡನ್ನಿನ ಯೋನಸ್ ಹೆಲ್‌ಬೋರ್ಗ್, ಪಿಯಾನೋಗೆ ಫ್ರಾನ್ಸಿನ ಡೇನಿಯಲ್ ಗೊಯೋನ್, ಪಿಟೀಲಿಗೆ ನಮ್ಮ ಎಲ್. ಶಂಕರ್. ಆಲ್ಬಮ್ ತಂದದ್ದು ಜರ್ಮನಿಯ ಸಿಎಂಪಿ ಎಂಬ ಕಂಪನಿ. ಇಷ್ಟು ದೇಶದವರ ನಡುವೆ ಬೆಳಗಾವಿಯಲ್ಲಿ ಹುಟ್ಟಿದ ತಾಯಿ ತನ್ನ ಠಾವಿನಲ್ಲೇ ನಿಂತು ಹಾಡುತ್ತಾರೆ. ಬ್ಯಾಂಡಿಗೆ ತಕ್ಕ ಹಾಗೆ ದನಿ ಬದಲಾಯಿಸಿಕೊಂಡಿಲ್ಲ. ಬ್ಯಾಂಡೇ ಅವರ ಸುತ್ತ ಹೆಜ್ಜೆ ಸರಿಮಾಡಿಕೊಳ್ಳುತ್ತದೆ.

ನನಗೆ ಪೂರ್ತಿ ಹಿಡಿಸಿತು ಅಂದರೆ ಸುಳ್ಳಾಗುತ್ತದೆ. ಕೀಬೋರ್ಡಿನ ಕೆಲವು ಸದ್ದು ಹಳೇ ಸಿನಿಮಾದ ಹಿನ್ನೆಲೆ ಸಂಗೀತದ ಹಾಗೆ ಕೇಳಿತು. ನಡುನಡುವೆ ಯಾರು ಎಲ್ಲಿ ಹೊರಟರು ಅಂತ ಗೊತ್ತಾಗದೆ ಮನಸ್ಸು ಬೇರೆ ಕಡೆ ಹೋಯಿತು. ಇದು ಜಾಝೇ ಅಲ್ಲ, ಬೆರಕೆ ಅನ್ನುವವರೂ ಇದ್ದಾರೆ. ಆ ಜಗಳ ಬಲ್ಲವರು ಆಡಿಕೊಳ್ಳಲಿ.

ನೀವು ಕೇಳುವುದಾದರೆ ನನ್ನ ದಾರಿ ಹೇಳುತ್ತೇನೆ. ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ, ಬೇಸ್ ಕೇಳಿಸುವುದೇ ಇಲ್ಲ. ಇಯರ್‌ಫೋನ್ ಹಾಕಿಕೊಳ್ಳಿ. ಮೊದಲ ಸಲ ಅಮ್ಮನ ದನಿಯನ್ನಷ್ಟೇ ಹಿಡಿದು ಹೋಗಿ. ಎರಡನೇ ಸಲ ಬೇಸ್ ಗಿಟಾರ್ ಹಿಡಿಯಿರಿ. ಮೂರನೇ ಸಲ ಡ್ರಮ್ಮಿನ ಬೆನ್ನು ಹತ್ತಿ. ಆಗ ತಿಳಿಯುತ್ತದೆ, ಕೈ ಡ್ರಮ್ ಸೆಟ್ಟಿನ ಮೇಲೆ ಇದ್ದರೂ ತಲೆಯೊಳಗೆ ತಬಲಾದ ಲೆಕ್ಕ ಓಡುತ್ತಿದೆ ಅಂತ.

ಕಾಕಾ ಕೇಳಿದ ಪ್ರಶ್ನೆ

ನಮ್ಮ ಕಾಕಾ ಕರಡಿ ಬಾರಿಸುತ್ತಾರೆ. ಮೂವತ್ತು ವರ್ಷದ ಮೇಲಾಯಿತು. ಜಾತ್ರೆ, ಮದುವೆ, ಪಲ್ಲಕ್ಕಿ, ಎಲ್ಲೇ ಕರೆದರೂ ಮೇಳ ಕಟ್ಟಿಕೊಂಡು ಹೋಗುತ್ತಾರೆ. ಒಂದು ಸಂಜೆ ಕಟ್ಟೆಯ ಮೇಲೆ ಕೂತಾಗ "ಕಾಕಾ, ಇದನ್ನ ಒಂದೀಟ ಕೇಳು" ಅಂತ ಇಯರ್‌ಫೋನ್ ಕೊಟ್ಟೆ. ಹಾಡು ಹತ್ತಿದ ಅರ್ಧ ನಿಮಿಷಕ್ಕೆ ಅವರ ಬೆರಳು ತೊಡೆಯ ಮೇಲೆ ಆಡತೊಡಗಿದವು.

ಆಮೇಲೆ ತ್ರಿಲೋಕ್ ಅವರ ಕಾರ್ಯಕ್ರಮದ ಒಂದು ವಿಡಿಯೋ ತೋರಿಸಿದೆ. ಅವರು ಡ್ರಮ್ಮರುಗಳ ಹಾಗೆ ಸ್ಟೂಲಿನ ಮೇಲೆ ಕೂರುವುದಿಲ್ಲ. ನೆಲದ ಮೇಲೆ ಮೊಣಕಾಲೂರಿ, ತಬಲಾ, ಡ್ರಮ್ಮು, ತಾಳ ಎಲ್ಲ ಸುತ್ತ ಹರವಿಕೊಂಡು ಬಾರಿಸುತ್ತಾರೆ. ಪಕ್ಕದಲ್ಲಿ ನೀರಿನ ಬಕೆಟ್. ಜಾಗಟೆಯಂಥ ಕಂಚಿನ ತಟ್ಟೆ ಬಡಿದು ನೀರಿಗೆ ಅದ್ದುತ್ತಾರೆ. ಸದ್ದು ಬಾಗುತ್ತಾ ಬಳುಕುತ್ತಾ ಇಳಿಯುತ್ತದೆ.

ಕಾಕಾ ನಕ್ಕರು. "ಬಕೀಟಿನ ಸಪ್ಪಳಾನೂ ಬಿಟ್ಟಿಲ್ಲಲೋ ಮಾರಾಯ! ಆದ್ರ ಲೆಕ್ಕ ತಪ್ಪಿಲ್ಲ ನೋಡು ಅಂವ, ಎಲ್ಲಿ ಹೋದ್ರೂ ತಿರುಗಿ ಮನಿಗೆ ಬರ್ತಾನ" ಅಂದರು. ನಾನು ಹತ್ತು ಲೇಖನ ಓದಿ ತಿಳಿದುಕೊಂಡದ್ದನ್ನು ಕಾಕಾ ಒಂದೇ ಮಾತಿನಲ್ಲಿ ಹೇಳಿದ್ದರು.

ಆಮೇಲೆ ಕೇಳಿದರು, "ಇದರ ಮ್ಯಾಲ ಬಾರಿಸಿದಾಂವನ ಹೆಸರು ಹಾಕ್ಯಾರೇನು?"

"ಅವರ ಹೆಸರಿಲೇನ ಬಂದೈತಿ ಕಾಕಾ. ಉಳಿದ ಎಲ್ಲಾರ ಹೆಸರೂ ಹಾಕ್ಯಾರ. ಯಾರು ಏನು ಬಾರಿಸಿದ್ರು ಅಂತನೂ ಬರದಾರ."

"ಎಲ್ಲಾರದೂ?"

"ಎಲ್ಲಾರದೂ."

ಕಾಕಾ ಮುಂದೆ ಮಾತಾಡಲಿಲ್ಲ. ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ಹಳೇ ಜಾತ್ರೆಗಳ ಕರೆಯೋಲೆ, ಒಂದೆರಡು ಮಸುಕಾದ ಫೋಟೋ, ಪೇಪರಿನ ತುಂಡುಗಳು. ಕಾಕಾ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಬೇಕು ಅಂತ ವರ್ಷದಿಂದ ಓಡಾಡುತ್ತಿದ್ದಾರೆ. ವಯಸ್ಸಾಗಿದೆ, ಭುಜ ನೋವು, ಕರಡಿ ಹೊತ್ತು ದೂರ ನಡೆಯಲು ಆಗುವುದಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಅರ್ಜಿ ಹಾಕುವಾಗ ಇಷ್ಟು ವರ್ಷ ಕಲಾಸೇವೆ ಮಾಡಿದ್ದಕ್ಕೆ ದಾಖಲೆ ಇಡಬೇಕು. ಅದು ತಪ್ಪಲ್ಲ. ದಾಖಲೆ ಕೇಳದಿದ್ದರೆ ಬಾರಿಸದವರೂ ಸಾಲಿನಲ್ಲಿ ನಿಲ್ಲುತ್ತಾರೆ.

ಆ ಚೀಲದ ಕಾಗದಗಳನ್ನು ಒಂದೊಂದಾಗಿ ನೋಡಿದೆ. ಒಂದು ಕರೆಯೋಲೆಯಲ್ಲಿ ಸ್ವಾಮೀಜಿಗಳ ಹೆಸರು, ಶಾಸಕರ ಹೆಸರು, ಪಂಚಾಯಿತಿ ಸದಸ್ಯರ ಹೆಸರು, ದಾಸೋಹಕ್ಕೆ ಅಕ್ಕಿ ಕೊಟ್ಟವರ ಹೆಸರು ಇದ್ದವು. ಪೆಂಡಾಲಿನವರ, ಸೌಂಡ್ ಸಿಸ್ಟಮ್‌ನವರ ಹೆಸರು ಮೊಬೈಲ್ ನಂಬರ್ ಸಮೇತ ಇತ್ತು. ಕಾಕಾನ ಮೇಳದ ಸುದ್ದಿ ಎಲ್ಲಿ ಅಂತ ಹುಡುಕಿದರೆ ಒಂದೇ ಸಾಲು, "ಸಕಲ ವಾದ್ಯ ವೈಭವಗಳೊಂದಿಗೆ".

ಪೇಪರಿನ ತುಂಡುಗಳಲ್ಲಿ ಒಂದು ನನ್ನದೇ ವರದಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬರೆದದ್ದು. ನಮ್ಮೂರ ಪಲ್ಲಕ್ಕಿ ಉತ್ಸವ. ಕೊನೆಯ ಸಾಲು ಹೀಗಿತ್ತು: "ಡೊಳ್ಳು, ಕರಡಿ ಮಜಲು ಮೆರವಣಿಗೆಗೆ ಮೆರುಗು ತಂದವು."

ಯಾರು ತಂದರು ಮೆರುಗು? ನನ್ನ ಕಾಕಾ, ಅವರ ಜೊತೆಗಾರರು. ಬಿಸಿಲಲ್ಲಿ ಮೂರು ತಾಸು ಬಾರಿಸಿದ್ದರು. ನಾನು ಅವರ ಪಕ್ಕದಲ್ಲೇ ನಡೆದಿದ್ದೆ. ಶಾಸಕರ ಹೆಸರಿನ ಮುಂದಿನ ಇನಿಷಿಯಲ್ ತಪ್ಪಾಗಬಾರದು ಅಂತ ಎರಡು ಸಲ ಫೋನ್ ಮಾಡಿ ಕೇಳಿದ್ದೆ. ಕಾಕಾನ ಹೆಸರು ಕೇಳಬೇಕಾಗಿಯೇ ಇರಲಿಲ್ಲ, ನನಗೆ ಗೊತ್ತಿತ್ತು. ಬರೆಯಲಿಲ್ಲ. ಬರೆಯಬೇಕು ಅಂತ ಹೊಳೆಯಲೂ ಇಲ್ಲ. ಕಾಕಾ ಅದನ್ನು ಜೋಪಾನ ಮಾಡಿ ಇಟ್ಟಿದ್ದು ಅದರಲ್ಲಿ ತಮ್ಮ ಹೆಸರಿದೆ ಅಂತಲ್ಲ, ತಮ್ಮನ ಮಗ ಬರೆದದ್ದು ಅಂತ.

ಹೆಸರು ಹಾಕಿದರೆ ಹೊಟ್ಟೆ ತುಂಬುತ್ತದೆಯೇ?

ಇದನ್ನು ಗೆಳೆಯರ ಮುಂದೆ ಹೇಳಿದಾಗ ಒಬ್ಬರು ಕೇಳಿದರು: "ಹೆಸರು ಹಾಕಿದರೆ ಏನು ಬಂತು? ಕೂಲಿ ಜಾಸ್ತಿ ಕೊಡಿಸಿ ಮೊದಲು." ಕೂಲಿ ಜಾಸ್ತಿ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರು ಬರೀ ಅಲಂಕಾರ ಅಲ್ಲ. ಹೆಸರಿದ್ದರೆ ಮುಂದಿನ ಊರಿನವರು ಹುಡುಕಿಕೊಂಡು ಬರುತ್ತಾರೆ. ಹೆಸರಿದ್ದರೆ ಅದೇ ನಾಳೆ ದಾಖಲೆ ಆಗುತ್ತದೆ. ಕಾಕಾನ ಮೂವತ್ತು ವರ್ಷದ ದುಡಿಮೆ ಊರೆಲ್ಲ ಕಿವಿಯಾರೆ ಕೇಳಿದೆ. ಕಾಗದದಲ್ಲಿ ಮಾತ್ರ ಅದು ನಡೆದೇ ಇಲ್ಲ.

ಇನ್ನೊಬ್ಬರು ಅಂದರು: "ಅದು ದೇವರ ಸೇವೆ, ಸೇವೆಗೆ ಹೆಸರು ಯಾಕೆ?" ಹಾಗಾದರೆ ಅಕ್ಕಿ ಕೊಟ್ಟವರ ಹೆಸರು ಯಾಕೆ? ಅದೂ ಸೇವೆಯೇ ಅಲ್ಲವೇ?

ಹಲಗೆ ಬಾರಿಸುವವರ ವಿಷಯಕ್ಕೆ ಬಂದರೆ ಇದು ಇನ್ನೂ ಕಹಿ. ಎಷ್ಟೋ ಊರುಗಳಲ್ಲಿ ಅವರನ್ನು ಕರೆಯುವುದು ಹೆಸರಿನಿಂದ ಅಲ್ಲ, ಜಾತಿಯಿಂದ. ಕರೆದಾಗ ಬರಲೇಬೇಕು, ಹೊರಗೇ ನಿಲ್ಲಬೇಕು. ಆ ಅವಮಾನ ಸಾಕು ಅಂತ ಹಲಗೆಯನ್ನೇ ಬಿಟ್ಟ ಯುವಕರಿದ್ದಾರೆ. ಅವರು ಬಿಟ್ಟದ್ದು ತಪ್ಪು ಅನ್ನುವ ಅಧಿಕಾರ ನಮಗಿಲ್ಲ. ಅಮೆರಿಕದ ಒಡೆಯರು ಡೋಲು ಕಸಿದುಕೊಂಡರು. ನಾವು ಡೋಲು ಬಾರಿಸಿಕೊಂಡೇ ಬಾರಿಸಿದವರನ್ನು ದೂರ ಇಟ್ಟೆವು. ಯಾವುದು ಹೆಚ್ಚು ಕ್ರೂರ ಅಂತ ನನಗೆ ಹೇಳಲು ಬರುವುದಿಲ್ಲ.

ಹೆಸರು ಬಂದಾಗ ಏನಾಗುತ್ತದೆ ಅನ್ನುವುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆ ಬಾರಿಸಿದ್ದಕ್ಕೆ. ಆವತ್ತು ಎಲ್ಲ ಪೇಪರುಗಳಲ್ಲೂ ತಮಟೆಯ ಜೊತೆ ಒಬ್ಬ ಮನುಷ್ಯನ ಹೆಸರು, ಮುಖ ಬಂತು. ಆದರೆ ಎಲ್ಲರಿಗೂ ದಿಲ್ಲಿಯಿಂದಲೇ ಹೆಸರು ಬರಲಿ ಅಂತ ಕಾಯುವುದು ಯಾಕೆ? ಜಾತ್ರೆ ಕಮಿಟಿ ನಮ್ಮದೇ, ಕರೆಯೋಲೆ ಅಚ್ಚು ಹಾಕಿಸುವವರು ನಾವೇ.

ನಾವು ಮಾಡಬಹುದಾದದ್ದು

ನನ್ನಂಥ ವರದಿಗಾರರಿಗೆ ಒಂದು ಮಾತು. "ಮೆರುಗು ತಂದವು" ಅನ್ನುವ ಸಾಲನ್ನು ನಾನಂತೂ ಬಿಟ್ಟಿದ್ದೇನೆ. ನೀವೂ ಬಿಡಿ. ಆ ಜಾಗದಲ್ಲಿ ಮೇಳದ ಊರು, ಬಾರಿಸಿದವರ ಹೆಸರು ಬರೆಯಿರಿ. ಡೆಸ್ಕಿನವರು ಜಾಗ ಇಲ್ಲ ಅಂತ ಕತ್ತರಿಸಿದರೆ ಗಣ್ಯರ ಸಾಲಿನಿಂದ ಎರಡು ಹೆಸರು ತೆಗೆಯಿರಿ ಅಂತ ಕೇಳಿ.

ಊರಿನವರಿಗೆ ಒಂದು ಮಾತು. ಜಾತ್ರೆಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇರುತ್ತದೆ, ಎಲ್ಲರೂ ವಿಡಿಯೋ ಹಿಡಿಯುತ್ತೀರಿ, ಸ್ಟೇಟಸ್ ಹಾಕುತ್ತೀರಿ. ಹಾಕುವ ಮುಂಚೆ ಬಾರಿಸಿದವರ ಬಳಿ ಹೋಗಿ ಕೇಳಿ, ಹೆಸರು ಹಾಕಬಹುದಾ ಅಂತ. ಹೂಂ ಅಂದರೆ ತಾರೀಕು, ಊರು, ವಾದ್ಯ, ಹೆಸರು ಬರೆಯಿರಿ. ನಾಲ್ಕು ಸಾಲು ಸಾಕು. ಆ ಜರ್ಮನ್ ಕಂಪನಿ 1988ರಲ್ಲಿ ಮಾಡಿದ್ದೂ ಅಷ್ಟೇ, ಯಾರು ಏನು ಬಾರಿಸಿದರು ಅಂತ ಬರೆದಿಟ್ಟಿತು. ಅದಕ್ಕೇ ಇಷ್ಟು ವರ್ಷದ ಮೇಲೆ ಜಾಝ್ ಗೊತ್ತಿಲ್ಲದ ನನಗೂ ಬೆಳಗಾವಿಯ ತಾಯಿ, ಅವರ ಮಗ, ಸ್ವೀಡನ್ನಿನ ಬೇಸ್‌ನವರು ಎಲ್ಲ ಹೆಸರು ಹಿಡಿದು ಗೊತ್ತು.

ಇಷ್ಟೆಲ್ಲ ಬರೆದೂ ಕಾಕಾನ ಹೆಸರು ಇಲ್ಲಿ ಯಾಕಿಲ್ಲ ಅಂತ ನೀವು ಕೇಳಬಹುದು. ಹಾಕುತ್ತೇನೆ ಅಂತ ಅವರನ್ನೇ ಕೇಳಿದೆ. ಬೇಡ ಅಂದರು.

"ನನ್ನೊಬ್ಬಂದ ಯಾಕಪಾ? ಮ್ಯಾಳದಾಗ ಆರು ಮಂದಿ ಅದೀವಿ. ಹಾಕುದಾದ್ರ ಆರೂ ಹೆಸರು ಹಾಕಸು. ಇಲ್ಲಲ್ಲ, ಜಾತ್ರಿ ಕಾರ್ಡಿನ್ಯಾಗ."

ಜಾತ್ರೆ ಕಮಿಟಿಯವರ ಜೊತೆ ಮಾತಾಡಿದ್ದೇನೆ. ಹೂಂ ಅಂದಿದ್ದಾರೆ. ಬರುವ ತಿಂಗಳು ಕಾರ್ಡು ಅಚ್ಚಿಗೆ ಹೋಗುತ್ತದೆ. ಪ್ರೂಫ್ ನೋಡಲು ನಾನೇ ಹೋಗುತ್ತೇನೆ.